ವಿಮರ್ಶೆಯಾದ ಮೇಲೆ ನಿರ್ವಹಣೆ

ಕಳೆದ ತಿಂಗಳ ಒಂದು ಸಂಜೆ ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ಡಾಕ್ಟರೇಟ್ ಪ್ರಬಂಧದ ಕರಡನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಇನ್ನೂರು ಚಿಲ್ಲರೆ ಪುಟ, ವಿಷಯ, ಮ್ಯಾನೇಜ್‌ಮೆಂಟ್. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಮನೆಗೆ ಬಂದವನು. ಸ್ವಂತ ಸಂಸಾರದ ಆಯವ್ಯಯವನ್ನೇ ನನ್ನ ಹೆಂಡತಿ ನೋಡಿಕೊಂಡು ಬಂದಿದ್ದಾಳೆ. ಇಂಥವನಿಂದ ನಿನಗೆ ಆಗಬೇಕಾದ ಉಪಕಾರವೇನಮ್ಮ ಎಂದು ಕೇಳಿದೆ. "ನಿಮಗೆ ಈ ಶಾಸ್ತ್ರ ಗೊತ್ತಿಲ್ಲ ಅಂತಲೇ ತಂದೆ, ಸಾರ್. ಗೊತ್ತಿರುವವರೆಲ್ಲ ಆಗಲೇ ಓದಿದ್ದಾರೆ" ಎಂದಳು. ಅವಳಿಗೆ ಎರಡು ಸಂಸ್ಥೆಗಳಿಂದ ಅಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದೆ. ಅಲ್ಲಿ ಹಿರಿಯ ಅಧ್ಯಾಪಕರ ಎದುರಿಗೆ ಒಂದೂವರೆ ಗಂಟೆ ತನ್ನ ಸಂಶೋಧನೆಯ ವಿಷಯ ಹೇಳಿ, ಅವರ ಪ್ರಶ್ನೆಗಳಿಗೆ ತಲೆಯೊಡ್ಡಬೇಕು. ಆ ಭಾಷಣವನ್ನು ನನ್ನ ಮುಂದೆ ಒಮ್ಮೆ ಒಪ್ಪಿಸಬೇಕೆಂಬುದು ಅವಳ ಆಸೆ.

ಪ್ರಬಂಧ ಓದಿದೆ, ಭಾಷಣ ಕೇಳಿದೆ. ಆ ನೆವದಲ್ಲಿ ಅವಳು ಹೆಸರಿಸಿದ ನಾಲ್ಕಾರು ಪುಸ್ತಕಗಳನ್ನೂ ಲೇಖನಗಳನ್ನೂ ಅವಳಿಂದಲೇ ತರಿಸಿಕೊಂಡು ಓದಿದೆ. ಅದರ ಫಲ ಈ ಬರಹ. ಸಾಹಿತ್ಯದ ಪುಟದಲ್ಲಿ ಇದೆಂಥ ಚರ್ಚೆ ಎಂದು ವಾಚಕರು ಹುಬ್ಬೇರಿಸಬಹುದು. ನನ್ನ ಸಮಾಧಾನ ಎರಡು. ಡಾಕ್ಟರೇಟ್ ಪ್ರಬಂಧವೂ ಗದ್ಯವೇ; ಗದ್ಯವೆಂದ ಮೇಲೆ ಅದಕ್ಕೊಂದು ರೀತಿ, ಒಂದು ಔಚಿತ್ಯ, ಒಂದು ಪ್ರಾಮಾಣಿಕತೆ ಇರಬೇಕು. ಎರಡನೆಯದಾಗಿ, ಸಾಲ ಮಾಡಿಯಾದರೂ ಮಗನನ್ನೋ ಮಗಳನ್ನೋ ಎಂ.ಬಿ.ಎ. ಓದಿಸಬೇಕೆಂಬ ಹಂಬಲ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಬೇರೂರಿದೆ. ಅಲ್ಲಿ ಅವರಿಗೆ ಪಾಠ ಹೇಳುವವರು ಯಾರು, ಆ ಹೇಳುವವರನ್ನು ಹೇಗೆ ತಯಾರು ಮಾಡಿದರು ಎಂದು ನಾವು ಕೇಳುವುದಿಲ್ಲ. ಕಟ್ಟಡ ನೋಡುತ್ತೇವೆ, ಮುಂದೆ ಬರುವ ಸಂಬಳದ ಅಂಕಿ ನೋಡುತ್ತೇವೆ. ಮಾವಿನ ಗಿಡ ಕೊಳ್ಳುವವನು ಕಸಿ ಕಟ್ಟಿದ ಕೈ ಯಾರದೆಂದು ವಿಚಾರಿಸುತ್ತಾನೆ. ನಾವು ಅಷ್ಟೂ ವಿಚಾರಿಸುವುದಿಲ್ಲ.

ಮೊದಲು ಈ ವಿದ್ಯಾಭ್ಯಾಸದ ಸ್ವರೂಪ ಹೇಳುತ್ತೇನೆ. ದೊಡ್ಡ ಸಂಸ್ಥೆಗಳಲ್ಲಿ ಇದು ಸಾಮಾನ್ಯವಾಗಿ ನಾಲ್ಕೈದು ವರ್ಷದ ಕೆಲಸ. ಮೊದಲ ಒಂದೆರಡು ವರ್ಷ ತರಗತಿಗಳು: ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಂಶೋಧನೆಯ ವಿಧಾನ. ಆಮೇಲೆ ಒಂದು ಸಮಗ್ರ ಪರೀಕ್ಷೆ. ಅದನ್ನು ದಾಟಿದರೆ ಪ್ರಬಂಧದ ಪ್ರಸ್ತಾವ, ಪ್ರಸ್ತಾವದ ಸಮರ್ಥನೆ, ಕೊನೆಗೆ ಪ್ರಬಂಧ. ಒಂದೇ ಉದ್ದನೆಯ ಗ್ರಂಥಕ್ಕೆ ಬದಲಾಗಿ ಮೂರು ಬಿಡಿ ಲೇಖನಗಳನ್ನು ಒಟ್ಟಿಗೆ ಹೊಲಿದು ಕೊಡುವ ಪದ್ಧತಿಯೂ ಈಗ ಬಳಕೆಗೆ ಬಂದಿದೆ. ಬಿಡಿ ಲೇಖನವನ್ನಾದರೆ ವಿದ್ವತ್ ಪತ್ರಿಕೆಗೆ ಕಳಿಸಬಹುದು. ಪತ್ರಿಕೆಯವರು ಬರೆದವರ ಹೆಸರು ಮುಚ್ಚಿ ಇಬ್ಬರು ಮೂವರು ಪರೀಕ್ಷಕರ ಕೈಗೆ ಕೊಡುತ್ತಾರೆ. ಅವರು ಆಕ್ಷೇಪ ಬರೆಯುತ್ತಾರೆ. ತಿದ್ದಿ ಕಳಿಸಿದರೆ ಮತ್ತೆ ಆಕ್ಷೇಪ. ಒಂದು ಲೇಖನ ಅಚ್ಚಾಗುವುದರೊಳಗೆ ಎರಡು ದೀಪಾವಳಿ ಕಳೆದುಹೋಗುವುದು ಅಪರೂಪವಲ್ಲ. ಯಾವ ಪತ್ರಿಕೆಯಲ್ಲಿ ಅಚ್ಚಾಯಿತೆಂಬುದಕ್ಕೂ ಪಟ್ಟಿಗಳುಂಟು. ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ಐವತ್ತು ವಿದ್ವತ್ ಪತ್ರಿಕೆಗಳ ಒಂದು ಪಟ್ಟಿ ಇಟ್ಟುಕೊಂಡು, ಬಿಸಿನೆಸ್ ಸ್ಕೂಲುಗಳಿಗೆ ಶ್ರೇಯಾಂಕ ಕೊಡುವಾಗ ಅದನ್ನು ಬಳಸುತ್ತದೆ. ಐವತ್ತೂ ಇಂಗ್ಲಿಷಿನವು. ದೊಡ್ಡ ಸಂಸ್ಥೆಗಳಲ್ಲಿ ಹುದ್ದೆ, ಬಡ್ತಿ, ಖಾಯಂ ನೇಮಕ ಎಲ್ಲವೂ ಬಹುಮಟ್ಟಿಗೆ ಇಂಥ ಪಟ್ಟಿಗಳ ಸುತ್ತಲೇ ಪ್ರದಕ್ಷಿಣೆ ಹಾಕುತ್ತವೆ.

ಈ ಏರ್ಪಾಡು ಸುಮ್ಮನೆ ಹುಟ್ಟಿದ್ದಲ್ಲ. ೧೯೫೯ರಲ್ಲಿ ಅಮೆರಿಕದಲ್ಲಿ ಎರಡು ವರದಿಗಳು ಹೊರಬಂದವು. ಫೋರ್ಡ್ ಪ್ರತಿಷ್ಠಾನದ ಬೆಂಬಲದಿಂದ ಗಾರ್ಡನ್ ಮತ್ತು ಹೊವೆಲ್ ಎಂಬ ಇಬ್ಬರು ಬರೆದದ್ದು ಒಂದು, ಕಾರ್ನೆಗಿ ಸಂಸ್ಥೆಗಾಗಿ ಪಿಯರ್ಸನ್ ಬರೆದದ್ದು ಇನ್ನೊಂದು. ಎರಡೂ ಅಂದಿನ ಬಿಸಿನೆಸ್ ಸ್ಕೂಲುಗಳನ್ನು ಮುಲಾಜಿಲ್ಲದೆ ಟೀಕಿಸಿದವು. ಪಾಠ ತೆಳು, ಕಸುಬಿನ ತರಬೇತಿಯನ್ನೇ ವಿದ್ಯೆಯೆಂದು ಕರೆದದ್ದಾಗಿದೆ, ಅಧ್ಯಾಪಕರಲ್ಲಿ ಸಂಶೋಧನೆಯ ಸಂಸ್ಕಾರ ಸಾಲದು ಎಂಬುದು ಅವುಗಳ ತೀರ್ಪಿನ ಸಾರ. ಗಣಿತವನ್ನೂ ಸಮಾಜವಿಜ್ಞಾನಗಳನ್ನೂ ತನ್ನಿ, ಡಾಕ್ಟರೇಟ್ ಪಡೆದವರನ್ನು ತಯಾರು ಮಾಡಿ ಎಂದು ಸಲಹೆ ಬಂತು. ಪ್ರತಿಷ್ಠಾನದ ಹಣವೂ ಹಿಂದೆಯೇ ಬಂತು. ಎರಡು ವರ್ಷದ ಮೇಲೆ, ೧೯೬೧ರಲ್ಲಿ, ನಮ್ಮ ದೇಶದಲ್ಲಿ ಕಲ್ಕತ್ತೆಯಲ್ಲೂ ಅಹಮದಾಬಾದಿನಲ್ಲೂ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸ್ಥಾಪನೆಯಾದವು. ಮೊದಲನೆಯದಕ್ಕೆ ಎಂ.ಐ.ಟಿ.ಯ ಸಹಕಾರ, ಎರಡನೆಯದಕ್ಕೆ ಹಾರ್ವರ್ಡಿನ ಸಹಕಾರ. ಬೆಂಗಳೂರಿನದು ೧೯೭೩ರಲ್ಲಿ ಬಂತು. ಈ ಸಂಸ್ಥೆಗಳಿಗೆ ಬಹುಕಾಲ ಪದವಿ ಕೊಡುವ ಅಧಿಕಾರವಿರಲಿಲ್ಲ. ಡಾಕ್ಟರೇಟಿಗೆ ಸಮನಾದ ವ್ಯಾಸಂಗ ಮುಗಿಸಿದವರನ್ನು ಅವು ಫೆಲೋ ಎಂದು ಕರೆಯುತ್ತಿದ್ದವು. ೨೦೧೭ರ ಕಾಯಿದೆ ಬಂದ ಮೇಲೆ ಪಿಎಚ್.ಡಿ. ಪದವಿಯನ್ನೇ ಕೊಡುವಂತಾಯಿತು.

ಆದ್ದರಿಂದ ಈ ಕಟ್ಟುನಿಟ್ಟನ್ನು ನಾನು ಹಳಿಯಲಾರೆ. ವ್ಯಾಪಾರದಲ್ಲಿ ಗೆದ್ದವನೊಬ್ಬ ಬಂದು ತಾನು ಗೆದ್ದ ಕಥೆ ಹೇಳಿ ಹೋದರೆ ಅದು ಶಾಸ್ತ್ರವಾಗುವುದಿಲ್ಲ. ಅದೇ ರೀತಿ ಮಾಡಿ ಸೋತ ಹತ್ತು ಮಂದಿಯ ಕಥೆ ನಮಗೆ ತಿಳಿದಿರುವುದಿಲ್ಲವಲ್ಲ! ಲೆಕ್ಕ ಕಲಿತದ್ದರಿಂದ ತನಗೇನು ಲಾಭವಾಯಿತೆಂದು ನಾನು ಕೇಳಿದಾಗ ಹುಡುಗಿ ಹೇಳಿದ ಉತ್ತರ ನನಗೆ ಮೆಚ್ಚಿಕೆಯಾಯಿತು. "ನಾನು ಮೊದಲು ಖಂಡಿತ ಅಂದುಕೊಂಡಿದ್ದ ಮಾತು ಲೆಕ್ಕದಲ್ಲಿ ನಿಲ್ಲಲಿಲ್ಲ, ಸಾರ್. ಅವತ್ತು ಅತ್ತೆ. ಈಗ ಅನ್ನಿಸುತ್ತೆ, ಆ ದಿನವೇ ನನ್ನ ಡಾಕ್ಟರೇಟ್ ಶುರುವಾಯಿತು ಅಂತ." ತನ್ನ ಇಷ್ಟದ ಮಾತು ಸುಳ್ಳೆಂದು ತಿಳಿದಾಗ ಅದನ್ನು ಬಿಡುವ ಶಕ್ತಿ ಕೊಡುವ ವಿದ್ಯೆ ದೊಡ್ಡ ವಿದ್ಯೆಯೇ. ನಮ್ಮ ಸಾಹಿತ್ಯ ವಿಮರ್ಶಕರಿಗೂ ಅದರಲ್ಲಿ ಒಂದೆರಡು ತರಗತಿ ಇದ್ದರೆ ನಷ್ಟವೇನಿಲ್ಲ.

ನನ್ನ ತಕರಾರು ಇರುವುದು ಆ ವಿದ್ಯೆ ಬರಹಕ್ಕೆ ಇಳಿದಾಗ ತಾಳಿದ ವೇಷದ ಬಗ್ಗೆ. ಪ್ರಬಂಧದ ಮೊದಲ ಮೂರು ಅಧ್ಯಾಯಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಈ ಹಿಂದಿನ ವಿದ್ವಾಂಸರು ಇಂಥ ವಿಷಯಕ್ಕೆ ಸಾಕಷ್ಟು ಗಮನ ಕೊಟ್ಟಿಲ್ಲ ಎಂದು ಆರಂಭ, ಆ ಕೊರತೆಯನ್ನು ತುಂಬುತ್ತೇವೆಂಬ ಪ್ರತಿಜ್ಞೆ, ಆಮೇಲೆ ಊಹೆ ಒಂದು, ಊಹೆ ಎರಡು, ಊಹೆ ಮೂರು, ಕೋಷ್ಟಕಗಳು, ಕೊನೆಗೆ ಸಿದ್ಧಾಂತಕ್ಕೆ ತಾವು ಸಲ್ಲಿಸಿದ ಕಾಣಿಕೆ ಎಂಬ ಶೀರ್ಷಿಕೆ. ನಮ್ಮ ಹಳೆಯ ಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳಿಗೆ ನಮಸ್ಕಾರ ಹೇಳುತ್ತಿದ್ದರು. ಇವರು ಪೂರ್ವಸೂರಿಗಳು ಬಿಟ್ಟ ತೂತನ್ನು ತೋರಿಸುತ್ತಾರೆ. ಅದೂ ಒಂದು ಬಗೆಯ ನಮಸ್ಕಾರವೇ ಇರಬಹುದು.

ಅಚ್ಚು ಇದ್ದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಷಟ್ಪದಿಗೂ ಅಚ್ಚುಂಟು. ಆದರೆ ಷಟ್ಪದಿಯ ಅಚ್ಚು ಸುಳ್ಳು ಹೇಳಿಸುವುದಿಲ್ಲ. ಈ ಅಚ್ಚು ಕೆಲವು ವೇಳೆ ಹೇಳಿಸುತ್ತದೆ. ನಾರ್ಬರ್ಟ್ ಕೆರ್ ಎಂಬ ಮನಶ್ಶಾಸ್ತ್ರಜ್ಞರು ೧೯೯೮ರಲ್ಲಿ ಬರೆದ ಒಂದು ಲೇಖನದಲ್ಲಿ ಈ ರೋಗಕ್ಕೆ ಹೆಸರಿಟ್ಟಿದ್ದಾರೆ: ಫಲ ತಿಳಿದ ಮೇಲೆ ಊಹೆ ಕಟ್ಟುವುದು. ಲೆಕ್ಕದಲ್ಲಿ ಏನು ಬಂತೆಂದು ನೋಡಿಕೊಂಡು, ಅದನ್ನೇ ತಾನು ಮೊದಲೇ ಊಹಿಸಿದ್ದೆ ಎಂಬಂತೆ ಬರೆಯುವುದು. ನಾಟಕಕಾರನಿಗೆ ಇದು ಸಲ್ಲುತ್ತದೆ. ಐದನೆಯ ಅಂಕದಲ್ಲಿ ಏನಾಗುವುದೆಂದು ತಿಳಿದೇ ಅವನು ಮೊದಲ ಅಂಕದಲ್ಲಿ ಶಕುನ ನುಡಿಸುತ್ತಾನೆ. ಶಾಸ್ತ್ರಕಾರ ಹಾಗೆ ಮಾಡಿದರೆ ಅವನು ನಾಟಕಕಾರನಾಗುತ್ತಾನೆ, ಅದೂ ಟಿಕೆಟ್ಟಿನ ಮೇಲೆ ನಾಟಕವೆಂದು ಬರೆಯದ ನಾಟಕಕಾರ. ಎಳೆಯ ವಿದ್ಯಾರ್ಥಿ ಇದನ್ನು ದುರಾಸೆಯಿಂದ ಮಾಡುತ್ತಾನೆಂದು ನಾನು ನಂಬಲಾರೆ. ಅಚ್ಚಾದ ಲೇಖನಗಳಲ್ಲಿ ಊಹೆಗಳೆಲ್ಲ ಗೆದ್ದೇ ಇರುವುದನ್ನು ನೋಡಿ ನೋಡಿ, ಸೋತ ಊಹೆಯನ್ನು ಬರೆಯುವುದು ಸಭ್ಯತೆಯಲ್ಲವೆಂದು ಅವನಿಗೆ ಅನ್ನಿಸಿಬಿಡುತ್ತದೆ. ಈ ಹುಡುಗಿಯ ಪ್ರಬಂಧದಲ್ಲೂ ಅವಳು ಅತ್ತ ದಿನದ ಸುಳಿವಿಲ್ಲ.

ಇನ್ನು ನಾಲ್ಕನೆಯ ಅಧ್ಯಾಯ. ಅದು ಕರಡಿನಲ್ಲಿ ಇತ್ತು. ಅದರ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿತ್ತು. ಮೈಸೂರು ರಸ್ತೆಯ ಕಡೆಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಏಳು ತಿಂಗಳು ದಿನಾ ಹೋಗಿ ಕೂತು ಬರೆದದ್ದು ಅದು. ಅಂಗಿಯ ಕಾಲರು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗುವ ಬಗೆ, ಗಂಟೆಗಿಷ್ಟೆಂದು ಬೋರ್ಡಿನ ಮೇಲೆ ಬರೆದ ಟಾರ್ಗೆಟ್ಟು, ಅದು ತಪ್ಪಿದಾಗ ಮೇಲ್ವಿಚಾರಕನ ಮಾತು, ಮಾತು ಮುಗಿದ ಮೇಲೆ ಆ ಸಾಲಿನ ಹೆಂಗಸರು ಪರಸ್ಪರ ನೋಡಿಕೊಳ್ಳುವ ನೋಟ, ಎಲ್ಲವೂ ಅಲ್ಲಿದೆ. ಅದರಲ್ಲಿ ಒಬ್ಬ ಟೈಲರಮ್ಮನ ಮಾತಿದೆ. ಹೊಸ ಮಾದರಿಯ ಅಂಗಿ ಬಂದಾಗ ಹೇಗೆ ಕಲಿತಿರಿ ಎಂದು ಕೇಳಿದ್ದಕ್ಕೆ, "ಮೊದಲೆರಡು ದಿನ ಕಷ್ಟ ಆಯ್ತು, ಆಮೇಲೆ ಸುಧಾರಿಸಿಕೊಂಡ್ವಿ" ಎಂದಿದ್ದಾಳೆ. ಇದನ್ನು ಇಂಗ್ಲಿಷಿಗೆ ತರುವಾಗ ಹುಡುಗಿ ಅಡ್ಜಸ್ಟ್ ಎಂದು ಬರೆದು ಹೊಡೆದುಹಾಕಿದ್ದಾಳೆ. ರಿಕವರ್ ಎಂದು ಬರೆದು ಹೊಡೆದುಹಾಕಿದ್ದಾಳೆ. ಕೊನೆಗೆ ಶಾಸ್ತ್ರದಲ್ಲಿ ಪ್ರಚಾರದಲ್ಲಿರುವ ಕೋಪಿಂಗ್ ಎಂಬುದನ್ನು ಇಟ್ಟು ಸುಮ್ಮನಾಗಿದ್ದಾಳೆ.

ನಾನು ಈ ಒಂದು ಮಾತಿನ ಮೇಲೆ ಅವಳೊಡನೆ ಒಂದು ಗಂಟೆ ಕಳೆದೆ. ಸುಧಾರಿಸಿಕೊಳ್ಳುವುದೆಂದರೆ ದಣಿವಾರಿಸಿಕೊಳ್ಳುವುದು, ಬಿಸಿಲಲ್ಲಿ ಬಂದವರಿಗೆ ಸ್ವಲ್ಪ ಸುಧಾರಿಸಿಕೊಳ್ಳಿ ಎನ್ನುತ್ತೇವೆ. ಸುಧಾರಿಸುವುದೆಂದರೆ ಇದ್ದುದರಲ್ಲಿ ನಿಭಾಯಿಸುವುದು. ಮದುವೆ ಮನೆಯಲ್ಲಿ ಅಡಿಗೆಯವನು ಬಾರದಿದ್ದಾಗ ಅತ್ತಿಗೆಯವರು ಸುಧಾರಿಸಿದರು ಎನ್ನುತ್ತೇವೆ. ಸುಧಾರಣೆಯೆಂದರೆ ಇದ್ದದ್ದನ್ನು ಉತ್ತಮಗೊಳಿಸುವುದೂ ಹೌದು. ಆ ಹೆಂಗಸು ಮೂರನ್ನೂ ಒಂದೇ ಕ್ರಿಯಾಪದದಲ್ಲಿ ಹೇಳಿದ್ದಾಳೆ, ಅದೂ ಬಹುವಚನದಲ್ಲಿ. ಸುಧಾರಿಸಿಕೊಂಡೆ ಎಂದಿಲ್ಲ; ಸುಧಾರಿಸಿಕೊಂಡ್ವಿ ಎಂದಿದ್ದಾಳೆ. ಯಾರೂ ಕಲಿಸದೆ ಒಂದು ಗುಂಪು ಹೊಸ ಕೆಲಸವನ್ನು ತಾನೇ ಹೇಗೆ ಕಲಿಯುತ್ತದೆ, ದಣಿಯುತ್ತಲೇ ಹೇಗೆ ಉತ್ತಮವಾಗುತ್ತದೆ ಎಂಬ ಪ್ರಶ್ನೆ ಮ್ಯಾನೇಜ್‌ಮೆಂಟ್ ಶಾಸ್ತ್ರದ ನಡುಮನೆಯ ಪ್ರಶ್ನೆಯಲ್ಲವೆ? ಅದಕ್ಕೆ ಆ ಟೈಲರಮ್ಮನ ಬಳಿ ಒಂದು ಶಬ್ದವಿದೆ, ಶಾಸ್ತ್ರದ ಬಳಿ ಇಲ್ಲ. ಇದು ಸಿದ್ಧಾಂತಕ್ಕೆ ಕಾಣಿಕೆಯಲ್ಲದಿದ್ದರೆ ಮತ್ತಾವುದು ಕಾಣಿಕೆ?

ಹುಡುಗಿ ಈ ವಿಷಯ ಆರಿಸಿಕೊಂಡದ್ದಕ್ಕೂ ಒಂದು ಕಾರಣವಿದೆ. ಅದೂ ಪ್ರಬಂಧದಲ್ಲಿಲ್ಲ. ೨೦೧೬ರ ಏಪ್ರಿಲ್ ವಾಚಕರಿಗೆ ನೆನಪಿರಬಹುದು. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಾಯಿಸಿ, ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ ೧೮ ಮತ್ತು ೧೯ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಂಗಸರು ಮೆಷಿನ್ನು ಬಿಟ್ಟು ರಸ್ತೆಗೆ ಬಂದರು. ಮುಂದೆ ನಿಂತು ನಡೆಸಿದ ಮುಖಂಡರಿಲ್ಲ, ಸಂಘಗಳ ಕರೆಯನ್ನು ಅವರು ಕಾದಿರಲಿಲ್ಲ. ಎರಡನೆಯ ದಿನ ಕಲ್ಲು ತೂರಿದ್ದೂ ಬಸ್ಸು ಸುಟ್ಟದ್ದೂ ಉಂಟು. ಅದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ೧೯ರಂದೇ ಸರ್ಕಾರ ಆ ಆದೇಶವನ್ನು ವಾಪಸು ಪಡೆಯಿತು. ಆಗ ಕಾಲೇಜಿನಲ್ಲಿದ್ದ ಈ ಹುಡುಗಿಯ ಬಸ್ಸು ರಸ್ತೆಯ ನಡುವೆ ಎರಡೂವರೆ ಗಂಟೆ ನಿಂತಿತ್ತಂತೆ. ಕಿಟಕಿಯಿಂದ ನೋಡುತ್ತ, ಇಷ್ಟು ಜನ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಯಾವಾಗ ಎಂದು ಅವಳು ಯೋಚಿಸಿದಳಂತೆ. ಈ ಪ್ರಶ್ನೆಯೇ ಏಳೆಂಟು ವರ್ಷದ ಮೇಲೆ ಅವಳನ್ನು ಕಾರ್ಖಾನೆಯ ಬಾಗಿಲಿಗೆ ಕರೆದೊಯ್ದದ್ದು. ಪ್ರಬಂಧ ಮಾತ್ರ ಈ ಹಿಂದಿನ ವಿದ್ವಾಂಸರು ಸಾಕಷ್ಟು ಗಮನ ಕೊಟ್ಟಿಲ್ಲ ಎಂಬ ವಾಕ್ಯದಿಂದ ಆರಂಭವಾಗುತ್ತದೆ.

ಅಧ್ಯಾಯ ತೆಗೆಯಲು ಹೇಳಿದವರು ಅವಳ ಮಾರ್ಗದರ್ಶಕರು. ಅವರು ಕೆಟ್ಟವರಲ್ಲ, ಅವಳ ಹಿತವನ್ನೇ ಬಯಸುವವರು. ಅವರ ವಾದ ಇಷ್ಟು: ಈ ಅಧ್ಯಾಯವನ್ನು ಪಟ್ಟಿಯಲ್ಲಿರುವ ಪತ್ರಿಕೆ ತೆಗೆದುಕೊಳ್ಳುವುದು ಕಷ್ಟ, ಸಂದರ್ಶನದಲ್ಲಿ ಇದು ಚದುರಿದಂತೆ ಕಾಣುತ್ತದೆ, ಮೊದಲು ಕೆಲಸ ಸಿಗಲಿ, ಖಾಯಂ ಆಗಲಿ, ಆಮೇಲೆ ಬೇಕಾದ್ದು ಬರೆಯಬಹುದು. ಈ ಆಮೇಲೆ ಎಂಬ ಮಾತಿಗೆ ನಾನು ಹೆದರುತ್ತೇನೆ. ಮೂವತ್ತು ವರ್ಷದ ನನ್ನ ಸೇವೆಯಲ್ಲಿ, ಆಮೇಲೆ ಕಾದಂಬರಿ ಬರೆಯುತ್ತೇನೆಂದ ಸಹೋದ್ಯೋಗಿಗಳನ್ನು ನಾನು ಬಲ್ಲೆ. ಆಮೇಲೆ ಬಂದಾಗ ಅವರಲ್ಲಿ ಬರೆಯುವ ಕೈ ಇತ್ತು, ಬರೆಯಬೇಕಾದ್ದು ಹೋಗಿತ್ತು. ಹತ್ತು ವರ್ಷ ಒಂದೇ ಬಗೆಯ ಪ್ರಶ್ನೆ ಕೇಳಿದವನಿಗೆ ಹನ್ನೊಂದನೆಯ ವರ್ಷ ಬೇರೆ ಪ್ರಶ್ನೆ ಹೊಳೆಯುವುದು ಸುಲಭವಲ್ಲ.

ಹಾಗೆಂದು ನನ್ನದು ಕೇವಲ ಕನ್ನಡ ಮೇಷ್ಟರ ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ. ಆ ಶಾಸ್ತ್ರದ ಹಿರಿಯರೇ ಇದನ್ನು ಹೇಳಿದ್ದಾರೆ. ಹರ್ಬರ್ಟ್ ಸೈಮನ್, ಮುಂದೆ ೧೯೭೮ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ೧೯೬೭ರಲ್ಲಿ ಬಿಸಿನೆಸ್ ಸ್ಕೂಲಿನ ರಚನೆಯ ಬಗ್ಗೆ ಒಂದು ಲೇಖನ ಬರೆದರು. ವೃತ್ತಿಯ ಲೋಕವನ್ನೂ ಶಾಸ್ತ್ರದ ಲೋಕವನ್ನೂ ಒಂದೇ ಸೂರಿನಡಿ ಇಡುವುದು ಎಣ್ಣೆಯನ್ನೂ ನೀರನ್ನೂ ಬೆರೆಸಿದಂತೆ. ಸುಮ್ಮನೆ ಬಿಟ್ಟರೆ ಎರಡೂ ಬೇರೆಯಾಗುತ್ತವೆ, ಕಲಕುತ್ತಲೇ ಇರಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಸೌಟು ಹಿಡಿದು ಕಲಕಬೇಕಾದವನು ಡಾಕ್ಟರೇಟ್ ವಿದ್ಯಾರ್ಥಿ. ಅವನನ್ನು ನಾವು ಎಣ್ಣೆಯ ಕಡೆಗೆ ಮಾತ್ರ ನೂಕುತ್ತಿದ್ದೇವೆ.

ಸುಮಂತ್ರ ಘೋಷಾಲರ ಲೇಖನ ಇನ್ನೂ ಕಟುವಾದದ್ದು. ಕಲ್ಕತ್ತೆಯವರು, ಇಂಡಿಯನ್ ಆಯಿಲಿನಲ್ಲಿ ಕೆಲಸ ಮಾಡಿ, ಆಮೇಲೆ ಎಂ.ಐ.ಟಿ. ಮತ್ತು ಹಾರ್ವರ್ಡ್ ಎರಡರಲ್ಲೂ ಡಾಕ್ಟರೇಟ್ ಪಡೆದು ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ೨೦೦೪ರಲ್ಲಿ ತೀರಿಕೊಂಡರು, ಲೇಖನ ೨೦೦೫ರಲ್ಲಿ ಅಚ್ಚಾಯಿತು. ಅವರ ವಾದದ ತಿರುಳು ಇದು: ಗ್ರಹಗಳ ಬಗ್ಗೆ ತಪ್ಪು ಸಿದ್ಧಾಂತ ಕಟ್ಟಿದರೆ ಗ್ರಹಗಳು ತಮ್ಮ ಹಾದಿ ಬದಲಾಯಿಸುವುದಿಲ್ಲ, ಮನುಷ್ಯರ ಬಗ್ಗೆ ಕಟ್ಟಿದರೆ ಮನುಷ್ಯರು ಬದಲಾಗುತ್ತಾರೆ. ನೌಕರ ಮೈಗಳ್ಳ, ಅವಕಾಶ ಸಿಕ್ಕರೆ ಮೋಸ ಮಾಡುವವ ಎಂದು ತರಗತಿಯಲ್ಲಿ ಕಲಿಸಿದರೆ, ಕಲಿತವನು ಕಾರ್ಖಾನೆಗೆ ಹೋಗಿ ಕಾವಲು ಹೆಚ್ಚಿಸುತ್ತಾನೆ. ಕಾವಲು ಹೆಚ್ಚಿದರೆ ನೌಕರನ ವಿಶ್ವಾಸ ತಗ್ಗುತ್ತದೆ. ಆಗ ಸಿದ್ಧಾಂತ ನಿಜವಾಗಿಬಿಡುತ್ತದೆ. ಈ ಮಾತನ್ನು ಓದಿದಾಗ ನನಗೆ ಆ ಬೋರ್ಡಿನ ಮೇಲಿನ ಟಾರ್ಗೆಟ್ಟು ನೆನಪಾಯಿತು. ಅಧ್ಯಾಪಕನ ತಯಾರಿ ಅವನೊಬ್ಬನ ಉದ್ಯೋಗದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅವನ ಪಾಠ ಕೊನೆಗೆ ಟೈಲರಮ್ಮನ ಬೆನ್ನ ಮೇಲೆ ಬಂದು ಕೂರುತ್ತದೆ.

ಕಣ್ಣಾರೆ ನೋಡಿ ಬರೆದ ಪ್ರಬಂಧ ಶಾಸ್ತ್ರವಾಗದೆ? ಹೆನ್ರಿ ಮಿಂಟ್ಸ್‌ಬರ್ಗ್ ಎಂಬ ಕೆನಡದ ವಿದ್ಯಾರ್ಥಿ ಎಂ.ಐ.ಟಿ.ಯ ತನ್ನ ಡಾಕ್ಟರೇಟಿಗಾಗಿ ಮಾಡಿದ್ದು ಇಷ್ಟೇ: ಐದು ಮಂದಿ ಮುಖ್ಯಾಧಿಕಾರಿಗಳ ಜೊತೆ ತಲಾ ಒಂದು ವಾರ ಇದ್ದು, ಅವರು ದಿನವಿಡೀ ಏನು ಮಾಡುತ್ತಾರೆಂದು ಬರೆದುಕೊಂಡ. ಫ್ರಾನ್ಸಿನ ಫೇಯೋಲ್ ೧೯೧೬ರಲ್ಲಿ ಹೇಳಿದ ಯೋಜನೆ, ಸಂಘಟನೆ, ಆಜ್ಞೆ, ಸಮನ್ವಯ, ನಿಯಂತ್ರಣ ಎಂಬ ಪಂಚಾಂಗವನ್ನು ಪಠ್ಯಗಳು ಒಪ್ಪಿಸುತ್ತಿದ್ದವು. ಇವನು ಕಂಡದ್ದು ಟೆಲಿಫೋನು, ಅರ್ಧಕ್ಕೆ ನಿಂತ ಮಾತು, ಬಾಗಿಲಲ್ಲಿ ಇಣುಕಿದವರು, ಚೂರುಚೂರಾದ ದಿನ. ಆ ಪ್ರಬಂಧದಿಂದ ಬೆಳೆದ ಪುಸ್ತಕ ೧೯೭೩ರಲ್ಲಿ ಬಂತು. ಮ್ಯಾನೇಜರನ ಕೆಲಸದ ಬಗ್ಗೆ ಅಧ್ಯಾಪಕರು ಮಾತಾಡುವ ರೀತಿಯನ್ನೇ ಅದು ಬದಲಿಸಿತು.

ನಮ್ಮವರೇ ಆದ ಎಂ.ಎನ್. ಶ್ರೀನಿವಾಸರ ಉದಾಹರಣೆ ಇನ್ನೂ ಹತ್ತಿರದ್ದು. ಅವರು ಮ್ಯಾನೇಜ್‌ಮೆಂಟಿನವರಲ್ಲ, ಸಮಾಜಶಾಸ್ತ್ರಜ್ಞರು. ೧೯೪೮ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಾಗಿದ್ದು ಟಿಪ್ಪಣಿ ಮಾಡಿದರು. ೧೯೭೦ರಲ್ಲಿ ಅವರು ಅಮೆರಿಕದ ಸ್ಟಾನ್‌ಫರ್ಡಿನಲ್ಲಿದ್ದಾಗ ಕಚೇರಿಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ತಿದ್ದಿ ಸಿದ್ಧಮಾಡಿದ್ದ ಆ ಟಿಪ್ಪಣಿಗಳು ಸುಟ್ಟವು. ಆಗ ಅವರು ನೆನಪಿನಿಂದಲೇ ಪುಸ್ತಕ ಬರೆಯಲು ಕೂತರು. ೧೯೭೬ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರಿನಲ್ಲೇ ನೆನಪು ಇದೆ. ಹಳ್ಳಿಯಲ್ಲಿ ಬಾಳಿದವನಿಗೆ ಸುಟ್ಟ ಕಾಗದದ ಆಚೆಗೂ ಉಳಿಯುವುದು ಇರುತ್ತದೆ. ಬರಿಯ ಕೋಷ್ಟಕ ಕಟ್ಟಿದವನಿಗೆ ಕೋಷ್ಟಕ ಹೋದರೆ ಎಲ್ಲವೂ ಹೋಯಿತು.

ಇನ್ನೊಂದು ಮಾತು ಪಾಠ ಹೇಳುವುದರ ಬಗ್ಗೆ. ಐದು ವರ್ಷದಲ್ಲಿ ಪಾಠ ಹೇಳುವುದನ್ನು ನಿನಗೆ ಯಾರು ಕಲಿಸಿದರು ಎಂದು ಹುಡುಗಿಯನ್ನು ಕೇಳಿದೆ. ಯಾರೂ ಇಲ್ಲ ಎಂದಳು. ಎರಡು ಸಲ ಗುರುಗಳು ಊರಲ್ಲಿಲ್ಲದಾಗ ತರಗತಿ ತೆಗೆದುಕೊಂಡಿದ್ದಳಂತೆ; ಹಿಂದಿನ ಬೆಂಚಿನಲ್ಲಿ ಕೂತು ಕೇಳಿ, ಇಲ್ಲಿ ಎಡವಿದೆ ಎಂದು ಹೇಳಿದವರಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಮಟ್ಟಿಗೆ ಧನಸಹಾಯ ಆಯೋಗದ ೨೦೨೨ರ ಪಿಎಚ್.ಡಿ. ನಿಯಮಗಳು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿವೆ. ಸಂಶೋಧನ ವಿದ್ಯಾರ್ಥಿಗಳಿಗೆಲ್ಲ ಬೋಧನೆಯ ಮತ್ತು ಬರವಣಿಗೆಯ ತರಬೇತಿ ಆಗಬೇಕೆಂದೂ, ವಾರಕ್ಕೆ ೪ರಿಂದ ೬ ಗಂಟೆ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸ ಕೊಡಬಹುದೆಂದೂ ಅವು ಹೇಳುತ್ತವೆ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಅಚ್ಚಾಗಿರಲೇಬೇಕೆಂಬ ಹಿಂದಿನ ಷರತ್ತನ್ನೂ ಅವು ಕೈಬಿಟ್ಟವು. ನಿಯಮ ಒಳ್ಳೆಯದೇ. ಆದರೆ ನಿಯಮ ಬಿಟ್ಟರೂ ಪಟ್ಟಿ ಬಿಡದು. ಆಯ್ಕೆ ಸಮಿತಿ ಏನು ಕೇಳುತ್ತದೋ ವಿದ್ಯಾರ್ಥಿ ಅದನ್ನೇ ಕಲಿಯುತ್ತಾನೆ. ಅಮೆರಿಕದ ಅರ್ನೆಸ್ಟ್ ಬಾಯರ್ ೧೯೯೦ರಲ್ಲೇ, ಹೊಸದನ್ನು ಕಂಡುಹಿಡಿಯುವುದು ಮಾತ್ರ ಪಾಂಡಿತ್ಯವಲ್ಲ, ಬಿಡಿ ಅರಿವುಗಳನ್ನು ಕೂಡಿಸುವುದು, ಬಳಕೆಗೆ ತರುವುದು, ಕಲಿಸುವುದು ಇವೂ ಪಾಂಡಿತ್ಯವೇ ಎಂದು ವಾದಿಸಿದ್ದರು. ಆಯ್ಕೆ ಸಮಿತಿಗಳು ಈ ನಾಲ್ಕರಲ್ಲಿ ಒಂದನ್ನೇ ತೂಗುತ್ತವೆ.

ನಾನು ಕೇಳುವುದು ದೊಡ್ಡ ಕ್ರಾಂತಿಯನ್ನಲ್ಲ. ಲೆಕ್ಕ ಇರಲಿ, ಪತ್ರಿಕೆಯೂ ಇರಲಿ. ಜೊತೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಕೆಲವು ತಿಂಗಳು ಸುಮ್ಮನೆ ಕೂತು ನೋಡಲಿ; ಅದಕ್ಕೆ ಅಂಕವಿರಲಿ. ಸೋತ ಊಹೆಗೆ ಪ್ರಬಂಧದಲ್ಲಿ ಒಂದು ಪುಟ ಮೀಸಲಾಗಲಿ. ಅವನು ಪಾಠ ಹೇಳುವಾಗ ಹಿಂದೆ ಒಬ್ಬ ಹಿರಿಯರು ಕೂತಿರಲಿ. ಕೊನೆಯದಾಗಿ, ಯಾರ ಮಾತು ಕೇಳಿ ಪ್ರಬಂಧ ಬರೆದನೋ ಅವರು ಓದಬಲ್ಲ ಭಾಷೆಯಲ್ಲಿ ಒಂದು ಅಧ್ಯಾಯವನ್ನಾದರೂ ಬರೆಯಲಿ. ಸಾಲ ಪಡೆದ ಮಾತನ್ನು ಹಿಂದಿರುಗಿಸುವುದು ಸಾಧಾರಣ ಮರ್ಯಾದೆ.

ಮ್ಯಾನೇಜ್‌ಮೆಂಟಿಗೆ ನಾವು ಕನ್ನಡದಲ್ಲಿ ನಿರ್ವಹಣೆ ಎನ್ನುತ್ತೇವೆ. ನಾಟ್ಯಶಾಸ್ತ್ರ ಓದಿದವರಿಗೆ ಈ ಹೆಸರು ಹೊಸದಲ್ಲ. ನಾಟಕದ ಐದು ಸಂಧಿಗಳಲ್ಲಿ ಕೊನೆಯದು ನಿರ್ವಹಣ. ಅದಕ್ಕೆ ಮುಂಚಿನದು ವಿಮರ್ಶ. ಫಲ ಕೈಗೆ ಬರುವ ಮೊದಲು ತಡೆ ಬರಬೇಕು, ನಿಂತು ಯೋಚಿಸಬೇಕು. ಆಮೇಲೆ ಮಾತ್ರ ನಿರ್ವಹಣೆ. ಈ ಹುಡುಗಿಗೆ ಇದನ್ನು ಹೇಳಿದಾಗ ನಕ್ಕು, ತನ್ನ ಭಾಷಣದ ಕಾಗದವನ್ನು ಮಡಿಸಿಟ್ಟಳು. ಮೊದಲ ಸಲ ಒಪ್ಪಿಸಿದಾಗ ಅವಳು ವಿದ್ವಾಂಸರ ಕೊರತೆಯಿಂದಲೇ ಆರಂಭಿಸಿದ್ದಳು. "ಆ ಬಸ್ಸು ಎಲ್ಲಿ ನಿಂತಿತ್ತಮ್ಮ?" ಎಂದು ನಾನು ಕೇಳಿದೆ. ಎರಡನೆಯ ಸಲ ಬಸ್ಸಿನಿಂದ ಆರಂಭಿಸಿದಳು. ತಾನು ಮೊದಲು ಏನು ನಂಬಿದ್ದೆ, ಲೆಕ್ಕ ಅದನ್ನು ಹೇಗೆ ಮುರಿಯಿತು, ಕಾರ್ಖಾನೆಯಲ್ಲಿ ಏನು ಕಂಡೆ ಎಂದು ಅನುಕ್ರಮವಾಗಿ ಹೇಳಿದಳು. ಒಳಗೆ ಕಾಫಿ ಸೋಸುತ್ತಿದ್ದ ನನ್ನ ಹೆಂಡತಿ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು.

"ಸಂದರ್ಶನದಲ್ಲಿ ಹೀಗೇ ಹೇಳಿದರೆ ಕೆಲಸ ಸಿಗುತ್ತಾ, ಸಾರ್?" ಎಂದು ಹುಡುಗಿ ಕೇಳಿದಳು. ಆ ಭರವಸೆ ಕೊಡುವ ಅಧಿಕಾರ ನನಗಿಲ್ಲ. ಅವಳ ತಂದೆ ನಿವೃತ್ತರು, ತಮ್ಮನ ಓದು ಮುಗಿದಿಲ್ಲ. ಇದು ಅವಳಿಗೆ ಸಾಹಿತ್ಯ ಚರ್ಚೆಯಲ್ಲ. ಸಿಗಬೇಕು ಎಂದಷ್ಟೇ ಹೇಳಿದೆ. ಸಿಗುತ್ತದೆ ಎನ್ನುವುದಕ್ಕೂ ಸಿಗಬೇಕು ಎನ್ನುವುದಕ್ಕೂ ಇರುವ ಅಂತರ ಅವಳಿಗೆ ತಿಳಿಯಿತು.

ಎರಡು ಸಂಸ್ಥೆಗಳಿಂದಲೂ ಇನ್ನೂ ಉತ್ತರ ಬಂದಿಲ್ಲ. ನಾಲ್ಕನೆಯ ಅಧ್ಯಾಯದ ಮೇಲಿನ ಪೆನ್ಸಿಲ್ ಗೆರೆಯನ್ನು ಅವಳು ರಬ್ಬರಿನಿಂದ ಅಳಿಸಿದ್ದಾಳೆ. ಮೊನ್ನೆ ಭಾನುವಾರ ಅದರ ಕನ್ನಡ ರೂಪವನ್ನೂ ತಂದುಕೊಟ್ಟಳು, ಹನ್ನೊಂದು ಪುಟ. ಮೊದಲ ಪುಟದಲ್ಲೇ ಮೂರು ಕಾಗುಣಿತದ ತಪ್ಪು ಸಿಕ್ಕಿವೆ. ಕೆಂಪು ಪೆನ್ಸಿಲು ಹಿಡಿದು ತಿದ್ದುತ್ತಿದ್ದೇನೆ. ತಿದ್ದಿದ ಮೇಲೆ ಆ ಟೈಲರಮ್ಮನಿಗೆ ಓದಿ ಹೇಳಲು ಹೋಗುತ್ತಾಳಂತೆ.